ಟ್ರೈಲರಿಗೆ ಎಷ್ಟು ತುಂಬಬಹುದು? ಕೋಲಾರದ ಟ್ರಾಕ್ಟರ್ ಮಾಲೀಕರಿಗೊಂದು ತೂಕದ ಲೆಕ್ಕ

ಕೋಲಾರದ ಕಡೆ ಯಾರ ಮನೆಗಾದರೂ ಹೊಸ ಟ್ರಾಕ್ಟರ್ ಬಂದರೆ ನೋಡಲು ಬಂದವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ‘ಗಾಡಿಯ ತೂಕ ಎಷ್ಟು?’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಉಳುಮೆಗೆ ಮೊದಲ ಪ್ರಶ್ನೆ ಸರಿ. ಹಿಂದೆ ಟ್ರೈಲರ್ ಕಟ್ಟುವವನಿಗೆ ಬೇಕಾದದ್ದು ಎರಡನೆಯದು. 45 ಎಚ್‌ಪಿ ಎಂಜಿನ್ ಕಡಿಮೆ ಗೇರಿನಲ್ಲಿ ಒಂಬತ್ತು ಟನ್ನನ್ನಾದರೂ ಜಗ್ಗಿಕೊಂಡು ಹೋಗುತ್ತದೆ. ಅದೇ ಒಂಬತ್ತು ಟನ್ನನ್ನು ತೇರಹಳ್ಳಿ ಬೆಟ್ಟದ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸಬೇಕಾದವು ಹಿಂದಿನ ಎರಡು ಚಕ್ರಗಳು. ಅವುಗಳ ಮೇಲೆ ಎಷ್ಟು ಭಾರ ಕೂತಿದೆಯೋ ಅಷ್ಟೇ ಅವುಗಳ ಹಿಡಿತ.

ಟೊಮೆಟೊ ಕ್ರೇಟುಗಳನ್ನು ಎಪಿಎಂಸಿಗೆ ಒಯ್ಯುವವರು, ಕೆರೆಯ ಹೂಳು ಹೊಡೆಯುವವರು, ತೋಟಕ್ಕೆ ಕಲ್ಲುಕಂಬ ತರುವವರು, ನೀರಿನ ಟ್ಯಾಂಕರ್ ಓಡಿಸುವವರು, ಎಲ್ಲರಿಗೂ ಲೆಕ್ಕ ಒಂದೇ. ಬೇಕಾದದ್ದು ಎರಡು ಆರ್‌ಸಿ, ಒಂದು ಟೇಪು, ಕಾಗದ ಪೆನ್ಸಿಲ್, ಗಾಡಿಯನ್ನೇ ಹತ್ತಿಸಿ ತೂಗುವ ವೇಬ್ರಿಡ್ಜ್‌ನಲ್ಲಿ ಕಳೆಯಲು ಒಂದು ಬೆಳಿಗ್ಗೆ.

ಮೊದಲು ಕಾಗದ

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೈಲರ್ ಕೂಡ ಒಂದು ಮೋಟಾರು ವಾಹನವೇ. ಎಂಜಿನ್ ಇಲ್ಲದಿದ್ದರೂ ಅದಕ್ಕೆ ಬೇರೆ ನೋಂದಣಿ, ಬೇರೆ ಆರ್‌ಸಿ ಇರಬೇಕು. ಅದರಲ್ಲಿ ಎರಡು ಅಂಕಿ ನೋಡಿ: ಖಾಲಿ ತೂಕ ಮತ್ತು ಭಾರ ತುಂಬಿದಾಗಿನ ಒಟ್ಟು ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಕಾನೂನು ನಿಮಗೆ ತುಂಬಲು ಬಿಡುವ ತೂಕ ಸಿಕ್ಕಿತು. ನೋಂದಣಿಯಾದ ಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಹಲಗೆ ಎತ್ತರಿಸಿದ್ದರೆ, ಚಾಸಿಗೆ ಪಟ್ಟಿ ಬೆಸೆಸಿದ್ದರೆ ಕಾಗದದಲ್ಲಿರುವ ಖಾಲಿ ತೂಕ ಹಳತಾಯಿತು. ಹೆಚ್ಚಿದ ಕಬ್ಬಿಣದ ತೂಕವೆಲ್ಲ ನೀವು ತುಂಬಬಹುದಾದ ಮಾಲಿನಿಂದಲೇ ಕಳೆಯುತ್ತದೆ.

ಆಮೇಲೆ ಟ್ರಾಕ್ಟರಿನ ಕೈಪಿಡಿ. ಡೀಲರ್ ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲಿ ಅದು ಇನ್ನೂ ಮಡಿಕೆ ಬಿಚ್ಚದೆ ಇರುತ್ತದೆ, ತೆಗೆಯಿರಿ. ಎಳೆಯಬಹುದಾದ ಟ್ರೈಲರಿನ ಒಟ್ಟು ತೂಕ, ಟ್ರೈಲರ್ ಸಿಗಿಸುವ ಕೊಕ್ಕೆಯ ಮೇಲೆ ನೇರವಾಗಿ ಕೂರಬಹುದಾದ ಭಾರ, ಇವೆರಡನ್ನು ಹುಡುಕಿ. ಕೊಕ್ಕೆಯ ಅಂಕಿ ಸಿಗದಿದ್ದರೆ ಡೀಲರಿನ ಸರ್ವಿಸ್ ವಿಭಾಗದಲ್ಲಿ ಕೇಳಿ, ಮಾರಾಟದ ಕೌಂಟರಿನಲ್ಲಲ್ಲ. ಟ್ರಾಕ್ಟರ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಮಿತಿಯನ್ನು ಈಗಲೇ ಬರೆದಿಟ್ಟುಕೊಳ್ಳಿ: ಸ್ವಂತ ಬ್ರೇಕ್ ಇಲ್ಲದ ಟ್ರೈಲರ್, ಮಾಲೂ ಸೇರಿ, ಟ್ರಾಕ್ಟರಿನ ತೂಕದ ಒಂದೂವರೆ ಪಟ್ಟು ಮೀರಬಾರದು. ಈ ಮಾತನ್ನು ಮಂಡಿಯ ಮುಂದೆ ನಿಂತು ಹೇಳಿದರೆ ನಗುತ್ತಾರೆ. ನಗಲಿ. ಅದು ಎಲ್ಲಿಂದ ಬಂತೆಂದು ಬ್ರೇಕಿನ ಭಾಗದಲ್ಲಿ ನೋಡೋಣ.

ವೇಬ್ರಿಡ್ಜ್‌ನಲ್ಲಿ ಐದು ಚೀಟಿ

ಮಾಲಿನ ತೂಕಕ್ಕೆಂದು ಎಲ್ಲರೂ ವೇಬ್ರಿಡ್ಜ್ ಹತ್ತುತ್ತಾರೆ, ಗಾಡಿಯ ತೂಕಕ್ಕೆಂದು ಹತ್ತುವವರು ಕಡಿಮೆ. ಎಪಿಎಂಸಿಯಲ್ಲಿ ಹರಾಜು ಮುಗಿದು ಸಾಲು ಕರಗಿದ ಮೇಲೆ ಹೋಗಿ, ಬೇಕಾದದ್ದೇನು ಎಂದು ಆಪರೇಟರಿಗೆ ಮೊದಲೇ ಹೇಳಿ. ಪ್ಲಾಟ್‌ಫಾರಂನ ಎರಡೂ ಬದಿಯ ನೆಲ ಅದರ ಮಟ್ಟಕ್ಕೇ ಇರಬೇಕು. ಅರ್ಧ ಗಾಡಿ ತಗ್ಗಿನಲ್ಲಿ ನಿಂತರೆ ಅಂಕಿ ಸುಳ್ಳಾಗುತ್ತದೆ.

ಟ್ರೈಲರ್ ಇಲ್ಲದೆ ಬರೀ ಟ್ರಾಕ್ಟರನ್ನು, ಟ್ಯಾಂಕಿನ ತುಂಬ ಡೀಸೆಲ್ ಹಾಕಿ, ಓಡಿಸುವವರು ಕೂತಂತೆಯೇ ತೂಗಿಸಿ. ಇದು ಒಂದನೇ ಚೀಟಿ. ಹಾಗೇ ಹಿಂದಕ್ಕೆ ಸರಿದು ಮುಂದಿನ ಎರಡು ಚಕ್ರ ಮಾತ್ರ ಪ್ಲಾಟ್‌ಫಾರಂ ಮೇಲಿರುವಂತೆ ನಿಲ್ಲಿಸಿದರೆ ಎರಡನೆಯದು. ಈ ಎರಡನ್ನು ಖಾಲಿ ದಿನವೊಂದರಲ್ಲಿ ಮುಗಿಸಿಡಿ. ತುಂಬಿದ ಎರಡು ಚಕ್ರದ ಟ್ರೈಲರನ್ನು ವೇಬ್ರಿಡ್ಜ್ ಅಂಗಳದಲ್ಲಿ ಕಳಚಿ ಜಾಕಿನ ಮೇಲೆ ನಿಲ್ಲಿಸುವುದು ಬೇಡ. ಅದೇ ದಿನ ಖಾಲಿ ಟ್ರೈಲರ್ ಕಟ್ಟಿಕೊಂಡು ಇನ್ನೊಂದು ಸಲ ಹತ್ತಿದರೆ ಅದರ ನಿಜವಾದ ಖಾಲಿ ತೂಕವೂ ಗೊತ್ತಾಗುತ್ತದೆ.

ಇನ್ನು ಮೂರು, ಲೋಡಿನ ದಿನ. ಟ್ರಾಕ್ಟರ್, ಟ್ರೈಲರ್ ಎಲ್ಲ ಸೇರಿ ಒಟ್ಟು ತೂಕ ಮೂರನೇ ಚೀಟಿ. ಕೊಕ್ಕೆಯ ಪಿನ್ನು ಕಳಚದೆ ಹಿಂದಕ್ಕೆ ಸರಿದು, ಟ್ರೈಲರಿನ ಚಕ್ರ ಹೊರಗೆ, ಟ್ರಾಕ್ಟರಿನ ನಾಲ್ಕೂ ಚಕ್ರ ಒಳಗೆ ಇರುವಂತೆ ನಿಲ್ಲಿಸಿ ತೂಗಿಸಿದರೆ ನಾಲ್ಕನೆಯದು. ಟ್ರೈಲರ್ ಕಟ್ಟಿದಂತೆಯೇ ಮುಂದಿನ ಎರಡು ಚಕ್ರ ಮಾತ್ರ, ಐದನೆಯದು.

ನಾಲ್ಕನೇ ಚೀಟಿಯಿಂದ ಒಂದನೆಯದನ್ನು ಕಳೆದರೆ ಕೊಕ್ಕೆಯ ಮೇಲಿನ ಭಾರ. ಮೂರರಿಂದ ನಾಲ್ಕನ್ನು ಕಳೆದರೆ ಟ್ರೈಲರಿನ ಟೈರುಗಳ ಮೇಲಿನ ಭಾರ. ಎರಡನ್ನೂ ಐದನ್ನೂ ಪಕ್ಕಪಕ್ಕ ಇಟ್ಟರೆ ಮುಂದಿನ ಚಕ್ರ ಎಷ್ಟು ಹಗುರಾಯಿತು ಎಂಬುದು. ಅಮೆರಿಕದಲ್ಲಿ ಪಿಕಪ್ಪಿನ ಹಿಂದೆ ಮಂಚ, ಅಡುಗೆಮನೆ ಇರುವ ಪ್ರವಾಸಿ ಟ್ರೈಲರ್ ಕಟ್ಟಿಕೊಂಡು ತಿರುಗುವವರೂ ಇದೇ ರೀತಿ ತೂಗಿಸುತ್ತಾರೆ. ಟ್ರೈಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಕ್ಕೆಯ ಮೇಲಿರಬೇಕು ಎಂಬುದು ಅವರ ಲೆಕ್ಕ. ಅವರ ಗಾಡಿಗೆ ನಾಲ್ಕೂ ಚಕ್ರದಲ್ಲಿ ಬ್ರೇಕ್ ಇದೆ, ಬಹಳಷ್ಟು ಟ್ರೈಲರಿಗೂ ಇದೆ. ನಮ್ಮಲ್ಲಿ ಇಲ್ಲದಿರುವುದು ಅದೇ.

ಮುಂದಿನ ಲೆಕ್ಕಕ್ಕೆಲ್ಲ ಒಂದು ಮಾದರಿ ಜೋಡಿ ಇಟ್ಟುಕೊಳ್ಳೋಣ. 45 ಎಚ್‌ಪಿ ಟ್ರಾಕ್ಟರ್, ಚಾಲಕನೂ ಸೇರಿ 2,100 ಕೆ.ಜಿ.; ಅದರಲ್ಲಿ ಮುಂದೆ 750, ಹಿಂದೆ 1,350. ಎರಡು ಚಕ್ರದ ಟಿಪ್ಪಿಂಗ್ ಟ್ರೈಲರ್, ಖಾಲಿ 1,300 ಕೆ.ಜಿ. ತೊಟ್ಟಿಯ ಅಳತೆ 10 ಅಡಿ, 6 ಅಡಿ, 2 ಅಡಿ, ಅಂದರೆ 120 ಘನ ಅಡಿ, ಚಿಕ್ಕದಾಗಿ ಸಿಎಫ್‌ಟಿ. ನಿಮ್ಮ ಅಂಕಿ ಬೇರೆ ಇರುತ್ತದೆ, ಆ ಜಾಗದಲ್ಲಿ ಅದನ್ನೇ ಹಾಕಿಕೊಳ್ಳಿ.

ತೊಟ್ಟಿ ಅದೇ, ತೂಕ ಬೇರೆ

ನಮ್ಮವರು ಲೋಡನ್ನು ಅಳೆಯುವುದು ಕಣ್ಣಿನಲ್ಲಿ. ಹಲಗೆಯ ಮಟ್ಟಕ್ಕೆ ಬಂದರೆ ಒಂದು ಲೋಡು, ಗೋಪುರ ಏರಿಸಿದರೆ ‘ಚೆನ್ನಾಗಿ ಹಾಕಿದ್ದಾರೆ’. ಅಪಾಯ ಇರುವುದೇ ಇಲ್ಲಿ. ಅದೇ 120 ಸಿಎಫ್‌ಟಿ ತೊಟ್ಟಿಯ ತುಂಬ ಒಣಗಿದ ಕೊಟ್ಟಿಗೆ ಗೊಬ್ಬರ ಹಾಕಿದರೆ ಒಂದು ಮುಕ್ಕಾಲು ಟನ್ ಆಸುಪಾಸು. ಒಣ ಸಡಿಲ ಮಣ್ಣು ಸಿಎಫ್‌ಟಿಗೆ 35 ಕೆ.ಜಿ.ಯಂತೆ 4,200 ಕೆ.ಜಿ. 20 ಎಂ.ಎಂ. ಜಲ್ಲಿ ಐದು ಟನ್ನಿಗೆ ಸ್ವಲ್ಪ ಮೇಲೆ, ಒಣ ಎಂ-ಸ್ಯಾಂಡ್ ಐದೂವರೆ ಟನ್. ಕೆರೆಯ ತಳದಿಂದ ತೋಡಿದ ಹಸಿ ಹೂಳು ಸಿಎಫ್‌ಟಿಗೆ 48 ಕೆ.ಜಿ. ತೂಗುತ್ತದೆ, ತೊಟ್ಟಿ ತುಂಬಿದರೆ 5,760 ಕೆ.ಜಿ. ಗೊಬ್ಬರ ಹೊತ್ತಾಗ ಹಾಯಾಗಿ ಓಡಿದ ಜೋಡಿಗೆ ಹೂಳಿನ ದಿನ ಮೂರು ಪಟ್ಟಿಗಿಂತ ಹೆಚ್ಚು ಭಾರ ಬಿದ್ದಿದೆ, ನೋಡುವವರ ಕಣ್ಣಿಗೆ ಎರಡೂ ‘ಒಂದು ಲೋಡು’. ಬೇಸಿಗೆಯಲ್ಲಿ ಜೆಸಿಬಿ ಬಕೆಟ್ಟಿನಿಂದ ಹೂಳು ಬೀಳುವಾಗ ತೊಟ್ಟಿಯ ಒಳಮೈಗೆ ಒಂದು ಬಣ್ಣದ ಗೆರೆ ಎಳೆದಿಟ್ಟು, ಅಲ್ಲಿಗೆ ಬಂದಾಗ ಕೈ ಎತ್ತುವುದು ಎಲ್ಲಕ್ಕಿಂತ ಸುಲಭದ ಉಪಾಯ. ಜೆಸಿಬಿಯವನು ಗಂಟೆ ಲೆಕ್ಕದಲ್ಲಿ ಬಂದಿರುತ್ತಾನೆ, ನಿಮ್ಮ ಆಕ್ಸಲ್ಲಿನ ಚಿಂತೆ ಅವನಿಗಿಲ್ಲ.

ಕಲ್ಲುಕಂಬ ಇನ್ನೂ ಮೋಸ. ಏಳು ಅಡಿ ಉದ್ದ, ಆರು ಇಂಚು ಅಗಲ, ನಾಲ್ಕು ಇಂಚು ದಪ್ಪದ ಒಂದು ಗ್ರಾನೈಟ್ ಕಂಬ ಸುಮಾರು 88 ಕೆ.ಜಿ. ಬೇಲಿಗೆಂದು ಐವತ್ತು ತಂದರೆ ನಾಲ್ಕೂಕಾಲು ಟನ್ ದಾಟಿತು. ಐವತ್ತನ್ನೂ ಜೋಡಿಸಿದ ಮೇಲೂ ತೊಟ್ಟಿಯ ಮೇಲ್ಭಾಗ ಖಾಲಿಯೇ ಕಾಣುತ್ತದೆ. ‘ಇನ್ನೊಂದು ಹತ್ತು ಹಾಕಿ’ ಎನ್ನಲು ಬಾಯಿಗೆ ಬರುವುದು ಆಗಲೇ.

ಟೊಮೆಟೊ ಈ ವಿಷಯದಲ್ಲಿ ಒಳ್ಳೆಯ ಮಾಲು. ಕೋಲಾರದ ಮಾರುಕಟ್ಟೆಯಲ್ಲಿ ಕ್ರೇಟಿಗೆ 15 ಕೆ.ಜಿ. ಲೆಕ್ಕ. ಪ್ಲಾಸ್ಟಿಕ್ ಕ್ರೇಟಿನ ತೂಕವನ್ನೂ ಸೇರಿಸಿ 17 ಎಂದು ಹಿಡಿದರೆ ಎಣಿಸಿದಷ್ಟೇ ಸುಲಭವಾಗಿ ತೂಕ ಸಿಗುತ್ತದೆ. 100 ಕ್ರೇಟು 1,700 ಕೆ.ಜಿ., 150 ಕ್ರೇಟು 2,550. ಆದರೆ ಕ್ರೇಟುಗಳು ಎತ್ತರಕ್ಕೆ ಏರುತ್ತವೆ, ಭಾರವೂ ಅವುಗಳ ಜೊತೆ ಮೇಲಕ್ಕೆ ಹೋಗುತ್ತದೆ. ತಿರುವಿನಲ್ಲಿ ಎರಡು ಚಕ್ರದ ಟ್ರೈಲರ್ ಮಗುಚುವುದು ತೂಕದಿಂದಲ್ಲ, ಎತ್ತರದಿಂದ. ಮುಳಬಾಗಿಲು ತಾಲ್ಲೂಕಿನ ಒಳರಸ್ತೆಗಳಿಂದ ವಡ್ಡಹಳ್ಳಿ ಮಾರುಕಟ್ಟೆಗೆ ಬರುವವರು ಒಂದು ವರಸೆ ಕಡಿಮೆ ಪೇರಿಸಿ ಹಗ್ಗ ಬಿಗಿದರೆ ನಷ್ಟವೇನಿಲ್ಲ.

ನೀರಿನ ತೂಕ ಎಲ್ಲರಿಗೂ ಗೊತ್ತು, ಲೀಟರಿಗೆ ಒಂದು ಕೆ.ಜಿ. 5,000 ಲೀಟರ್ ಟ್ಯಾಂಕರ್ ಎಂದರೆ ಐದು ಟನ್ ನೀರು, ಅದರ ಮೇಲೆ ಟ್ಯಾಂಕಿನ ಕಬ್ಬಿಣ. ಬೋರ್‌ವೆಲ್ ಸಾವಿರ ಅಡಿ ದಾಟಿದ ಊರುಗಳಲ್ಲಿ ದಿನವಿಡೀ ಓಡುವುದು ಇವೇ. ತುಂಬಿದ ಟ್ಯಾಂಕರಿಗಿಂತ ಅರ್ಧ ಖಾಲಿಯಾದದ್ದು ಹೆಚ್ಚು ಅಪಾಯದ್ದು. ಬ್ರೇಕ್ ಒತ್ತಿದಾಗ ನೀರೆಲ್ಲ ಮುಂದಕ್ಕೆ ನುಗ್ಗಿ ಕೊಕ್ಕೆಯನ್ನು ತಳ್ಳುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಹೊಯ್ದಾಡುತ್ತದೆ. ಒಳಗೆ ಅಡ್ಡ ತಗಡು ಇಲ್ಲದ ಟ್ಯಾಂಕ್ ಕೊಳ್ಳಬೇಡಿ. ಅರ್ಧ ನೀರು ಇಳಿಸಿ ಇನ್ನೊಂದು ಊರಿಗೆ ಹೋಗುವ ಪದ್ಧತಿ ಇದ್ದರೆ ನಡಿಗೆಯ ವೇಗದಲ್ಲಿ ಹೋಗಿ.

ಕೊಕ್ಕೆಯ ಮೇಲೆ ಎಷ್ಟು, ಮುಂದಿನ ಚಕ್ರದಲ್ಲಿ ಎಷ್ಟು

ನಾಲ್ಕು ಚಕ್ರದ ಟ್ರೈಲರ್ ತನ್ನ ಭಾರವನ್ನು ತಾನೇ ಹೊರುತ್ತದೆ. ಎರಡು ಚಕ್ರದ್ದು ಒಂದಷ್ಟನ್ನು ಟ್ರಾಕ್ಟರಿನ ಕೊಕ್ಕೆಯ ಮೇಲೆ ಹೇರುತ್ತದೆ. ಕೊಕ್ಕೆ ಇರುವುದು ಹಿಂದಿನ ಆಕ್ಸಲ್ಲಿನಿಂದಲೂ ಹಿಂದೆ. ಹಾಗಾಗಿ ಅದರ ಮೇಲೆ ಕೂತ ಭಾರ ಹಿಂದಿನ ಚಕ್ರವನ್ನು ಒತ್ತುವುದರ ಜೊತೆಗೆ ಮುಂದಿನ ಚಕ್ರವನ್ನು ಎತ್ತುತ್ತದೆ, ಏತದ ಹಾಗೆ.

ಮಾದರಿ ಜೋಡಿಗೆ ಹಸಿ ಹೂಳು ತುಂಬಿಸೋಣ. ಟ್ರೈಲರ್ 7,060 ಕೆ.ಜಿ., ಟ್ರಾಕ್ಟರ್ ಸೇರಿ 9,160. ನಾಲ್ಕನೇ ಚೀಟಿಯಲ್ಲಿ 2,900 ಬಂತೆನ್ನಿ, ಕೊಕ್ಕೆಯ ಭಾರ 800 ಕೆ.ಜಿ. ಆಕ್ಸಲ್ಲಿನಿಂದ ಕೊಕ್ಕೆಗೆ 70 ಸೆಂ.ಮೀ., ಮುಂದಿನ ಹಿಂದಿನ ಚಕ್ರಗಳ ನಡುವೆ 195 ಸೆಂ.ಮೀ. ಇದ್ದರೆ ಮುಂದಿನಿಂದ ಎದ್ದುಹೋಗುವ ತೂಕ ಸುಮಾರು 287 ಕೆ.ಜಿ. 750 ಇದ್ದದ್ದು 463ಕ್ಕೆ ಇಳಿಯಿತು. ಟ್ರಾಕ್ಟರಿನ ಖಾಲಿ ತೂಕದ ಐದನೇ ಒಂದು ಭಾಗವಾದರೂ ಸ್ಟೀರಿಂಗ್ ಚಕ್ರಗಳ ಮೇಲೆ ಉಳಿಯಬೇಕು ಎಂಬುದು ಯುರೋಪಿನಲ್ಲಿರುವ ನಿಯಮ. ಇಲ್ಲಿ ಆ ಐದನೇ ಒಂದು ಎಂದರೆ 420 ಕೆ.ಜಿ. ಸಮತಟ್ಟಿನಲ್ಲಿ ಕೂದಲೆಳೆಯಲ್ಲಿ ಪಾಸು. ಕೆರೆಯ ತಳದಿಂದ ಏರಿ ಹತ್ತುವ ಕಡಿದಾದ ದಾರಿಯಲ್ಲಿ ಭಾರ ಇನ್ನೂ ಹಿಂದಕ್ಕೆ ವಾಲುತ್ತದೆ, ಎಳೆತದ ಬಲವೂ ಮೂತಿಯನ್ನು ಎತ್ತುತ್ತದೆ. ಅಲ್ಲಿ ಈ ಲೋಡಿಗೆ ಪಾಸಿಲ್ಲ. ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುವುದು ಮೊದಲ ಸೂಚನೆ. ಮುಂದಿನ ಚಕ್ರ ಪೂರ್ತಿ ಎದ್ದ ಮೇಲೆ ಟ್ರಾಕ್ಟರ್ ಹಿಂದಕ್ಕೆ ಮಗುಚಿಕೊಳ್ಳಲು ಎರಡು ಸೆಕೆಂಡೂ ಬೇಡ, ಕ್ಲಚ್ ಒತ್ತಬೇಕೆಂದು ತಲೆಗೆ ಹೊಳೆಯುವಷ್ಟರಲ್ಲಿ ಮುಗಿದಿರುತ್ತದೆ.

ಪರಿಹಾರ ಮೂರು ಕಡೆ ಇದೆ. ಮೊದಲನೆಯದು ಮಾಲನ್ನು ಎಲ್ಲಿ ಹಾಕುತ್ತೀರಿ ಎಂಬುದು. ಟ್ರೈಲರಿನ ಆಕ್ಸಲ್ಲಿನಿಂದ ಕೊಕ್ಕೆಗೆ ಹತ್ತು ಅಡಿ ಇದ್ದರೆ, ಆ ಐವತ್ತು ಕಲ್ಲುಕಂಬಗಳನ್ನು ಒಂದೇ ಒಂದು ಅಡಿ ಮುಂದಕ್ಕೆ ತಳ್ಳಿ ಜೋಡಿಸಿದರೆ ಕೊಕ್ಕೆಯ ಭಾರ ಸುಮಾರು 440 ಕೆ.ಜಿ. ಏರುತ್ತದೆ. ಏಳು ಅಡಿ ಕಂಬಕ್ಕೆ ಹತ್ತು ಅಡಿ ತೊಟ್ಟಿಯಲ್ಲಿ ಮೂರು ಅಡಿ ಓಡಾಟದ ಜಾಗ ಇದೆ, ಹಾಗಾಗಿ ಹಮಾಲರು ಎಲ್ಲಿಗೆ ಒತ್ತಿ ಜೋಡಿಸಿದರು ಎಂಬುದರ ಮೇಲೆ ನಿಮ್ಮ ಪ್ರಯಾಣ ನಿಂತಿದೆ. ಹಾಗೆಂದು ತೀರ ಹಿಂದಕ್ಕೂ ಬೇಡ. ಕೊಕ್ಕೆಯ ಭಾರ ಸೊನ್ನೆಯ ಹತ್ತಿರ ಬಂದರೆ ಟ್ರೈಲರ್ ಬಾಲ ಆಡಿಸುತ್ತದೆ, ಟ್ರಾಕ್ಟರಿನ ಹಿಂದಿನ ಚಕ್ರದ ಹಿಡಿತವೂ ಹೋಗುತ್ತದೆ. ಟ್ರೈಲರ್ ತೂಕದ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಮೇಲೆ, ಆದರೆ ಕೈಪಿಡಿಯ ಮಿತಿಯೊಳಗೆ, ಇರುವಂತೆ ಹೊಂದಿಸಿ. ಎರಡನೆಯದು ಕೊಕ್ಕೆಯ ಎತ್ತರ: ಎಷ್ಟು ತಗ್ಗಿನಲ್ಲಿದ್ದರೆ ಅಷ್ಟು ಒಳ್ಳೆಯದು, ಹಿಂದಿನ ಆಕ್ಸಲ್ಲಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ನೇಗಿಲು ಹಿಡಿಯುವ ಮೂರು ತೋಳುಗಳಲ್ಲಿ ಮೇಲಿನದಾದ ಟಾಪ್ ಲಿಂಕಿಗೆ ಸರಪಳಿ ಬಿಗಿದು ಎಳೆಯುವುದು ಆತ್ಮಹತ್ಯೆ. ಮೂರನೆಯದು ಮುಂದಿನ ತೂಕದ ಬಿಲ್ಲೆಗಳು. ಕಂಪನಿಯವು ದುಬಾರಿ ಎಂದು ಬಂಪರಿನ ಮೇಲೆ ಕಲ್ಲು ಹೇರಿಕೊಂಡು ಹೋಗುವವರಿದ್ದಾರೆ, ಆ ಕಲ್ಲು ಗುಂಡಿಯಲ್ಲಿ ಹಾರಿ ಮುಂದಿನ ಚಕ್ರದಡಿಗೇ ಬೀಳುತ್ತದೆ.

ಬ್ರೇಕ್ ಹಿಡಿಯುವುದು ಎಷ್ಟನ್ನು

ಸಾಮಾನ್ಯ ಟ್ರಾಕ್ಟರಿಗೆ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಒಣ ಡಾಂಬರಿನ ಮೇಲೆ ಚಕ್ರ ಹಿಡಿಯಬಲ್ಲ ಬಲ ಅದರ ಮೇಲಿನ ಭಾರದ ಸುಮಾರು ಶೇ 60, ಮಣ್ಣಿನ ದಾರಿಯಲ್ಲಿ ಶೇ 40, ಒದ್ದೆ ಜೇಡಿಯಲ್ಲಿ ಇನ್ನೂ ಕಡಿಮೆ. ಬ್ರೇಕ್ ಎಷ್ಟೇ ಹೊಸದಿರಲಿ, ಎಣ್ಣೆಯಲ್ಲಿ ಮುಳುಗಿದ ಡಿಸ್ಕೇ ಇರಲಿ, ಇದಕ್ಕಿಂತ ಹೆಚ್ಚು ಒತ್ತಿದರೆ ಚಕ್ರ ಜಾರುತ್ತದೆ.

ಟ್ರೈಲರ್ ಇಲ್ಲದ ನಮ್ಮ 2,100 ಕೆ.ಜಿ. ಟ್ರಾಕ್ಟರ್ ಗಂಟೆಗೆ 25 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದ ಮೇಲೆ ಆರೇಳು ಮೀಟರಿನಲ್ಲಿ ನಿಲ್ಲುತ್ತದೆ. ಹೂಳು ತುಂಬಿದ ಟ್ರೈಲರ್ ಹಿಂದಿದ್ದರೆ ನಿಲ್ಲಿಸಬೇಕಾದದ್ದು 9,160 ಕೆ.ಜಿ., ಹಿಡಿಯುವುದು ಅದೇ ಎರಡು ಚಕ್ರ. ಕೊಕ್ಕೆಯ ಭಾರ ಬಿದ್ದು ಅವುಗಳ ಮೇಲೆ 2,437 ಕೆ.ಜಿ. ಕೂತಿದೆ, ಹಿಡಿತ 1,460ರ ಆಸುಪಾಸು. ಸಮತಟ್ಟು ಡಾಂಬರಿನಲ್ಲಿ 15ರಿಂದ 16 ಮೀಟರ್ ಬೇಕು. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ ಏಳು ಮೀಟರ್ ಓಡಿರುತ್ತದೆ. ಹತ್ತಕ್ಕೊಂದು ಇಳಿಜಾರಿನಲ್ಲಿ, ಅಂದರೆ ಹತ್ತು ಅಡಿಗೆ ಒಂದು ಅಡಿ ಇಳಿಯುವ ದಾರಿಯಲ್ಲಿ, ಅದೇ ಡಾಂಬರಿನ ಮೇಲೆ ಬ್ರೇಕಿನ ದೂರವೊಂದೇ 40 ಮೀಟರ್ ಆಗುತ್ತದೆ.

ಈಗ ಆ ಇಳಿಜಾರನ್ನು ಮಣ್ಣಿನದಾಗಿಸಿ. ಇಳಿಜಾರು ಕೆಳಕ್ಕೆ ತಳ್ಳುವ ಬಲ 916 ಕೆ.ಜಿ. ಚಕ್ರ ಹಿಡಿಯಬಲ್ಲದ್ದು ಹೆಚ್ಚೆಂದರೆ 975. ಅದೂ ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಸರಿದು ಹಿಂದಿನ ಚಕ್ರ ಹಗುರಾಗುವುದನ್ನು ಲೆಕ್ಕಕ್ಕೆ ಹಿಡಿಯದೆ. ಗಾಡಿ ನಿಲ್ಲುವುದಿಲ್ಲ, ನಿಂತರೂ ಟ್ರೈಲರ್ ಪಕ್ಕಕ್ಕೆ ತಿರುಗಿ ಟ್ರಾಕ್ಟರನ್ನು ಮಡಚಿ ಹಾಕಿದ ಮೇಲೆ. ಇದೇ ಮಾಲು ಬ್ರೇಕ್ ಇಲ್ಲದ ನಾಲ್ಕು ಚಕ್ರದ ಟ್ರೈಲರಿನಲ್ಲಿದ್ದರೆ ಸ್ಥಿತಿ ಇನ್ನೂ ಕೆಟ್ಟದು. ಕೊಕ್ಕೆಯ ಮೇಲೆ ಭಾರ ಬೀಳುವುದಿಲ್ಲ, ಹಿಂದಿನ ಚಕ್ರದಲ್ಲಿ 1,350 ಮಾತ್ರ, ಮಣ್ಣಿನಲ್ಲಿ ಹಿಡಿತ 540. ‘ನಾಲ್ಕು ಚಕ್ರದ್ದು ಸೇಫು, ಟ್ರಾಕ್ಟರ್ ಮೂತಿ ಎತ್ತಲ್ಲ’ ಎಂಬ ಮಾತು ಏರಿಗೆ ನಿಜ, ಇಳಿಜಾರಿಗೆ ಸುಳ್ಳು.

ಕೈಪಿಡಿಯ ಒಂದೂವರೆ ಪಟ್ಟಿನ ಮಿತಿಗೆ ಕಾರಣ ಇಂಥ ಲೆಕ್ಕವೇ. 2,100 ಕೆ.ಜಿ. ಟ್ರಾಕ್ಟರಿಗೆ 3,150 ಕೆ.ಜಿ. ಟ್ರೈಲರ್. ಖಾಲಿ ತೂಕ 1,300 ಕಳೆದರೆ ಮಾಲು 1,850 ಕೆ.ಜಿ. ಅಷ್ಟು ಮಾತ್ರ ತುಂಬಿ ಸಂಸಾರ ನಡೆಯುತ್ತದೆಯೇ ಎಂದು ನೀವು ಕೇಳಬಹುದು. ಹೆಚ್ಚು ತುಂಬಲೇಬೇಕಾದವರಿಗೆ ದಾರಿ ಎಂಜಿನಿನಲ್ಲಿಲ್ಲ, ಟ್ರೈಲರಿನ ಬ್ರೇಕಿನಲ್ಲಿದೆ. ಟ್ರಾಕ್ಟರಿನ ಹೈಡ್ರಾಲಿಕ್‌ನಿಂದ ಅಥವಾ ಗಾಳಿಯಿಂದ ನಡೆಯುವ ಬ್ರೇಕ್ ಇದೆ. ಟ್ರೈಲರ್ ಕೊಕ್ಕೆಯನ್ನು ಮುಂದಕ್ಕೆ ತಳ್ಳಿದಾಗ ತಾನೇ ಹಿಡಿದುಕೊಳ್ಳುವ ಓವರ್‌ರನ್ ಬ್ರೇಕ್ ಅದಕ್ಕಿಂತ ಸರಳ. ಹೊಸ ಟ್ರೈಲರ್ ಮಾಡಿಸುವವರು ಹಲಗೆಗೆ ಬಣ್ಣ, ಹೆಸರು, ದೇವರ ಚಿತ್ರ ಎಲ್ಲ ಮಾತಾಡುತ್ತಾರೆ. ಬ್ರೇಕಿನ ಮಾತನ್ನು ಅಡ್ವಾನ್ಸ್ ಕೊಡುವ ಮೊದಲು ಆಡಿ.

ಬ್ರೇಕ್ ಇಲ್ಲದ ಟ್ರೈಲರ್ ಸದ್ಯ ಇರುವವರಿಗೆ ವೇಗವೇ ಗತಿ. 25ರ ಬದಲು 15 ಕಿ.ಮೀ. ವೇಗದಲ್ಲಿ ಹೋದರೆ ಸಮತಟ್ಟಿನಲ್ಲಿ ಬ್ರೇಕಿನ ದೂರ ಮೂರನೇ ಒಂದರ ಹತ್ತಿರಕ್ಕೆ ಇಳಿಯುತ್ತದೆ. ರಸ್ತೆಗೆ ಬರುವ ಮೊದಲು ಎಡ ಬಲ ಬ್ರೇಕ್ ಪೆಡಲುಗಳನ್ನು ಕೂಡಿಸುವ ಕೊಂಡಿ ಹಾಕಿ. ಉಳುಮೆಯಿಂದ ನೇರ ಲೋಡಿಗೆ ಬಂದವರು ಇದನ್ನು ಮರೆಯುವುದು ಜಾಸ್ತಿ. ಒಂದೇ ಪೆಡಲ್ ಒತ್ತಿದರೆ ಲೋಡಿನ ಸಮೇತ ಗಾಡಿ ಆ ಕಡೆಗೆ ತಿರುಗಿ ಬೀಳುತ್ತದೆ. ಇಳಿಜಾರನ್ನು ಅದೇ ಲೋಡಿನಲ್ಲಿ ಹತ್ತುವುದಾದರೆ ಯಾವ ಗೇರ್ ಹಾಕುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ, ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿ, ನಡುವೆ ಕ್ಲಚ್ ಮುಟ್ಟಬೇಡಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಬಿಡುವವರ ಪಕ್ಕ ಕೂರಲೂ ಬೇಡಿ.

ಏರಿನಲ್ಲಿ ಎಚ್‌ಪಿ

ಎಚ್‌ಪಿಗೆ ಕೆಲಸ ಇರುವುದು ಇಲ್ಲಿ, ಅದೂ ವೇಗದ ಮಟ್ಟಿಗೆ. ಹತ್ತಕ್ಕೊಂದು ಡಾಂಬರು ಏರಿನಲ್ಲಿ ಆ 9,160 ಕೆ.ಜಿ.ಯನ್ನು ಎಳೆಯಲು ಬೇಕಾದ ಬಲ ಸುಮಾರು 1,100 ಕೆ.ಜಿ. ಗಂಟೆಗೆ 5 ಕಿ.ಮೀ. ವೇಗಕ್ಕೆ ಚಕ್ರದಲ್ಲಿ 20 ಎಚ್‌ಪಿ ಸಾಕು, 10 ಕಿ.ಮೀ. ಬೇಕೆಂದರೆ 40. ಕೆರೆಯೊಳಗಿನ ಮೆತ್ತನೆ ದಾರಿಯಲ್ಲಿ 1,370 ಕೆ.ಜಿ. ಬಲ ಬೇಕು, ಚಕ್ರದ ಹಿಡಿತ 975. ಅಲ್ಲಿ 60 ಎಚ್‌ಪಿ ತಂದರೂ ಚಕ್ರ ತಿರುಗಿ ಗುಂಡಿ ತೋಡುತ್ತದೆ ಅಷ್ಟೆ. ಹಿಂದಿನ ಟೈರಿಗೆ ನೀರು ತುಂಬಿಸಿದರೆ ಟೈರಿನ ಅಳತೆಗೆ ತಕ್ಕಂತೆ ಎರಡೂ ಸೇರಿ ಸುಮಾರು 300 ಕೆ.ಜಿ. ಹಿಡಿತದ ಭಾರ ಸಿಗುತ್ತದೆ. ಅರ್ಧ ಲೋಡಿನಲ್ಲಿ ಎರಡು ಸಲ ಓಡುವುದು ಇನ್ನೂ ಅಗ್ಗ.

ಟೈರು, ಪಿನ್ನು

ಮೂರನೇ ಚೀಟಿಯಿಂದ ನಾಲ್ಕನ್ನು ಕಳೆದಾಗ ನಮ್ಮ ಹೂಳಿನ ಲೋಡಿಗೆ 6,260 ಕೆ.ಜಿ. ಬಂತು, ಒಂದೊಂದು ಟೈರಿಗೆ 3,130. ಟೈರಿನ ಪಕ್ಕದಲ್ಲಿ ಅಚ್ಚಾದ ಲೋಡ್ ಇಂಡೆಕ್ಸ್ ನೋಡಿ: 121 ಎಂದರೆ ಒಂದು ಟೈರಿಗೆ 1,450 ಕೆ.ಜಿ., 140 ಎಂದರೆ 2,500. ನಿಧಾನ ವೇಗಕ್ಕೆ ಕಂಪನಿಗಳು ಸ್ವಲ್ಪ ರಿಯಾಯಿತಿ ಕೊಡುತ್ತವೆ, ಎರಡು ಪಟ್ಟು ಕೊಡುವುದಿಲ್ಲ. ಲಾರಿಯಿಂದ ಬಿಚ್ಚಿದ ಹಳೇ ರೀಟ್ರೆಡ್ ಟೈರಿಗೆ ಅಚ್ಚಾದ ಅಂಕಿಯನ್ನೂ ನಂಬಬೇಡಿ.

ಕೊಕ್ಕೆಯ ಪಿನ್ನು ರಂಧ್ರಕ್ಕೆ ಸರಿಯಾದ ದಪ್ಪದ್ದಿರಲಿ, ಕೆಳಗೆ ಅದು ಮೇಲೇಳದಂತೆ ತಡೆಯುವ ಚಿಕ್ಕ ಲಿಂಚ್ ಪಿನ್ ಇರಲಿ. ಕಟ್ಟಡದ ಕಬ್ಬಿಣದ ಸರಳು ಬಗ್ಗಿಸಿ ಸಿಗಿಸುವ ಕೆಲಸ ಬೇಡ. ಪಿನ್ನು ಹಾರಿದರೂ ಟ್ರೈಲರ್ ಬೇರೆಯಾಗದಂತೆ ಒಂದು ಗಟ್ಟಿ ಸರಪಳಿ ಸಡಿಲವಾಗಿ ಸುತ್ತಿರಲಿ.

ದಂಡದ ಮಾತು

2019ರ ತಿದ್ದುಪಡಿಯ ನಂತರ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ತೂಕ ಮೀರಿದರೆ 20,000 ರೂಪಾಯಿ, ಮೀರಿದ ಪ್ರತಿ ಟನ್ನಿಗೆ 2,000 ಹೆಚ್ಚುವರಿ, ಹೆಚ್ಚಿನ ಮಾಲನ್ನು ಇಳಿಸುವ ಖರ್ಚೂ ನಿಮ್ಮದೇ. ನಿಲ್ಲಿಸಿ ತೂಗಿಸಲು ಒಪ್ಪದಿದ್ದರೆ 40,000. ಕೃಷಿಗೆಂದು ನೋಂದಣಿಯಾದ ಟ್ರಾಕ್ಟರಿನಲ್ಲಿ ಬಾಡಿಗೆಗೆ ಕಲ್ಲು, ನೀರು ಸಾಗಿಸುವಾಗ ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಅದೊಂದೇ ಸಾಕು, ಪಾಲಿಸಿಯಲ್ಲಿ ಏನು ಬರೆದಿದೆ ಓದಿಸಿಕೊಳ್ಳಿ. ಟ್ರೈಲರಿಗೆ ಪಾಲಿಸಿ ಇದೆಯೇ ಎಂಬುದನ್ನೂ.

ನಾಳೆ ಟೊಮೆಟೊ ಹೊರಡುವುದಾದರೆ

ಬ್ರೇಕ್ ಇಲ್ಲದ ಮಾದರಿ ಜೋಡಿಯಲ್ಲಿ ಮಾಲಿಗೆ ಸಿಕ್ಕ ಜಾಗ 1,850 ಕೆ.ಜಿ. 17ರಿಂದ ಭಾಗಿಸಿದರೆ 108 ಕ್ರೇಟು. ಮಳೆ ಬಿದ್ದು ಒದ್ದೆಯಾದ ಕ್ರೇಟು, ಮೇಲೆ ಹೊದಿಸುವ ತಾಡಪಾಲು ಲೆಕ್ಕ ಹಿಡಿದು 100 ಎನ್ನಿ. ತೋಟದಲ್ಲಿ 150 ಇದ್ದರೆ ಟ್ರೈಲರ್ 3,850 ಕೆ.ಜಿ. ಆಗುತ್ತದೆ, ಅದಕ್ಕೆ 2,570 ಕೆ.ಜಿ. ತೂಗುವ ಟ್ರಾಕ್ಟರ್ ಬೇಕು, ಇಲ್ಲವೇ ಬ್ರೇಕ್ ಇರುವ ಟ್ರೈಲರ್, ಇಲ್ಲವೇ ಉಳಿದ 50 ಕ್ರೇಟಿಗೆ ಪಕ್ಕದ ತೋಟದವರ ಪಿಕಪ್ಪಿನಲ್ಲಿ ಜಾಗ. ಪಿಕಪ್ ಆದರೂ ಆರ್‌ಸಿಯ ಒಟ್ಟು ತೂಕದಿಂದ ಖಾಲಿ ತೂಕ ಕಳೆದ ಮೇಲೇ ಮಾತು.

ಕ್ರೇಟುಗಳನ್ನು ಟ್ರೈಲರಿನ ಆಕ್ಸಲ್ಲಿನ ಮೇಲಿಂದ ಶುರು ಮಾಡಿ ಮುಂದಕ್ಕೂ ಹಿಂದಕ್ಕೂ ಪೇರಿಸುತ್ತ ಬನ್ನಿ, ಕೊನೆಯ ಒಂದೆರಡು ಸಾಲು ಮುಂದಕ್ಕೆ ಬೀಳಲಿ. ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಕ್ರೇಟಿನ ಹಿಂದೆ ಮರೆಯಾಗದಂತೆ ನೋಡಿ. ಬೆಳಗಿನ ಜಾವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ದೀಪವಿಲ್ಲದ ಟ್ರೈಲರಿನ ಹಿಂದೆ ಬರುವ ಕಾರಿಗೆ ನೀವು ಕಾಣುವುದು ತೀರ ಹತ್ತಿರಕ್ಕೆ ಬಂದಾಗ. ಹೊರಟು ಮೂರು ನಾಲ್ಕು ಕಿ.ಮೀ. ಆದ ಮೇಲೆ ಸಮತಟ್ಟಾದ ಕಡೆ ಒಮ್ಮೆ ನಿಲ್ಲಿಸಿ, ಪಿನ್ನು, ಹಗ್ಗ ನೋಡಿ, ಟ್ರೈಲರಿನ ಚಕ್ರಗಳ ನಡುವಿನ ಎರಡೂ ಹಬ್ಬುಗಳ ಹತ್ತಿರ ಅಂಗೈ ಹಿಡಿಯಿರಿ. ಎರಡೂ ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಆ ಬೇರಿಂಗಿನಲ್ಲಿ ಗ್ರೀಸ್ ಇಲ್ಲ, ಮಂಡಿಯ ತನಕ ತಳ್ಳೋಣ ಎನ್ನದೆ ಅಲ್ಲೇ ಮೆಕ್ಯಾನಿಕ್‌ಗೆ ಫೋನ್ ಮಾಡಿ.